ಕಫದ ಔಷಧಿಗೂ ಕ್ಯಾನ್ಸರ್‌ಗೂ ಏನು ನಂಟು?

ಇಂಟರ್ನಲ್ಸ್ ಮುಗಿದ ಸಂಜೆ. ಸಂಘದ ರೂಮಿನಲ್ಲಿ ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚುತ್ತಾ ಕೂತಿದ್ದೆವು. ನಮ್ಮಲ್ಲೊಬ್ಬನಿಗೆ ಮನೆಯಿಂದ ಫೋನ್ ಬಂತು. ಅವನ ದೊಡ್ಡಮ್ಮನಿಗೆ ಕೀಮೋ ನಡೀತಿತ್ತು ಅನ್ನೋದು ನಮಗೆ ಗೊತ್ತಿತ್ತು. ಮಾತು ಮುಗಿಸಿ ಬಂದವನ ಮುಖದಲ್ಲಿ ಗೊಂದಲ. "ದೊಡ್ಡಮ್ಮನಿಗೆ ಹಾಕೋ ಡ್ರಿಪ್‌ನಲ್ಲಿ ಒಂದು ಔಷಧಿ ಇದೆಯಂತೆ, ಮೆಸ್ನಾ ಅಂತ. ಅಣ್ಣ ನೆಟ್‌ನಲ್ಲಿ ನೋಡಿದ್ದಾನೆ. ಕಫ ಕರಗಿಸೋ ಔಷಧಿ ಅಂತ ಬಂದಿದೆ. ದಿನಕ್ಕೆ ಮೂರು ಸಲ ಹಾಕ್ತಾರೆ. ಕೆಮ್ಮಿನ ಔಷಧಿ ತಾನೆ, ಕೊನೇದು ಬಿಟ್ಟು ಸಂಜೆ ಬಸ್ಸಿಗೆ ಬಂದುಬಿಡೋಣ್ವಾ ಅಂತ ಅಮ್ಮ ಕೇಳ್ತಿದ್ದಾರೆ. ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ನೋಡಿ ಹೇಳು ಅಂತಾರೆ. ನಾನೇನು ಹೇಳಲಿ?"

ನಾವ್ಯಾರೂ ಡಾಕ್ಟರಲ್ಲ. ಆ ರೂಮಿನಲ್ಲಿದ್ದವರು ಇಬ್ಬರು ಮೆಕ್ಯಾನಿಕಲ್, ಮೂವರು ಇಲೆಕ್ಟ್ರಾನಿಕ್ಸ್, ಒಬ್ಬಳು ಕೆಮಿಕಲ್. ಅವನಿಗೆ ನಾವು ಆಗಲೇ ಹೇಳಿದ್ದು ಒಂದೇ ಮಾತು: "ಏನನ್ನೂ ಬಿಡೋದು ಬೇಡ, ಮೊದಲು ಅಲ್ಲಿರೋ ಸಿಸ್ಟರ್‌ನ ಕೇಳೋಕೆ ಹೇಳು." ಆಮೇಲೆ ಕುತೂಹಲ ತಡೆಯಲಿಲ್ಲ. ಎರಡು ವಾರ ಓದಿದೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಪಿಯುಸಿ ಕೆಮಿಸ್ಟ್ರಿ ಮತ್ತು ಮೊದಲ ವರ್ಷದ ಗಣಿತ ಇಷ್ಟಿದ್ದರೆ ಸಾಕು, ಪೂರ್ತಿ ಅರ್ಥವಾಗುತ್ತದೆ.

ಕಫ ಅಂದರೆ ಒಂದು ಪಾಲಿಮರ್

ಕಫದ ಬಹುಪಾಲು ನೀರು. ಆದರೂ ಅದು ನೀರಿನ ಹಾಗೆ ಹರಿಯುವುದಿಲ್ಲ, ಎಳೆದರೆ ನೂಲಿನ ಹಾಗೆ ಬರುತ್ತದೆ. ಇದಕ್ಕೆ ಕಾರಣ ಮ್ಯೂಸಿನ್ ಅನ್ನುವ ಉದ್ದುದ್ದ ಪ್ರೋಟೀನ್‌ಗಳು. ಈ ಎಳೆಗಳ ನಡುವೆ ಅಲ್ಲಲ್ಲಿ ಎರಡು ಗಂಧಕದ ಪರಮಾಣುಗಳು ಕೈಹಿಡಿದು ನಿಂತಿರುತ್ತವೆ. ಇದಕ್ಕೆ ಡೈಸಲ್ಫೈಡ್ ಸೇತುವೆ ಅಂತ ಹೆಸರು. ಸೇತುವೆ ಹೆಚ್ಚಿದಷ್ಟೂ ಬಲೆ ಬಿಗಿಯಾಗುತ್ತದೆ, ಕಫ ಗಟ್ಟಿಯಾಗುತ್ತದೆ. ಟೈರ್ ಮಾಡುವಾಗ ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡುವ ವಲ್ಕನೈಸೇಶನ್ ನೆನಪಿಸಿಕೊಳ್ಳಿ. ಅಲ್ಲೂ ಎಳೆಗಳನ್ನು ಕಟ್ಟಿಹಾಕುವುದು ಗಂಧಕವೇ.

ಈ ಸೇತುವೆ ಮುರಿಯಬೇಕಾದರೆ ಏನು ಮಾಡಬೇಕು? ಇನ್ನೊಂದು ಗಂಧಕವನ್ನು ತಂದು ನಡುವೆ ನುಗ್ಗಿಸಬೇಕು. ಗಂಧಕದ ತುದಿಗೆ ಒಂದು ಹೈಡ್ರೋಜನ್ ಅಂಟಿಕೊಂಡಿರುವ ಗುಂಪಿಗೆ ಥಯಾಲ್ ಅನ್ನುತ್ತಾರೆ. ಥಯಾಲ್ ಇರುವ ಚಿಕ್ಕ ಅಣು ಬಂದು ಹಳೆಯ ಜೋಡಿಯನ್ನು ಬಿಡಿಸಿ, ಒಬ್ಬರ ಕೈಯನ್ನು ತಾನು ಹಿಡಿಯುತ್ತದೆ. ಬಲೆ ಸಡಿಲವಾಗುತ್ತದೆ, ಕಫ ತೆಳುವಾಗುತ್ತದೆ. ಪಾರ್ಲರ್‌ನಲ್ಲಿ ಗುಂಗುರು ಕೂದಲನ್ನು ನೇರ ಮಾಡುವ ಕ್ರೀಮ್‌ಗಳಲ್ಲಿ ಕೆಲವು ಕೆಲಸ ಮಾಡುವುದೂ ಹೀಗೇ, ಆ ಕಮಟು ವಾಸನೆಗೆ ಕಾರಣವೂ ಥಯಾಲೇ.

1960ರ ದಶಕದಿಂದ ಕಫ ಕರಗಿಸಲು ಬಳಕೆಯಲ್ಲಿರುವ ಅಸಿಟೈಲ್‌ಸಿಸ್ಟೀನ್ ಇಂಥದ್ದೊಂದು ಥಯಾಲ್. ನೀರಿಗೆ ಹಾಕಿದರೆ ಬುಸುಬುಸು ಕರಗುವ ಮಾತ್ರೆಯಾಗಿ ಮೆಡಿಕಲ್ ಶಾಪ್‌ಗಳಲ್ಲಿ ನೀವೂ ನೋಡಿರಬಹುದು. ಮೆಸ್ನಾ ಇನ್ನೊಂದು. ಅದೂ ಮೊದಲು ಬಂದದ್ದು ಶ್ವಾಸನಾಳದ ಕಫ ಕರಗಿಸುವ ಔಷಧಿಯಾಗಿಯೇ, ಮಿಸ್ಟಾಬ್ರಾನ್ ಅನ್ನುವ ಹೆಸರಿನಲ್ಲಿ.

ಇಲ್ಲೊಂದು ಎಚ್ಚರಿಕೆ. ಕಫದ ಔಷಧಿಗಳೆಲ್ಲಾ ಒಂದೇ ಜಾತಿಯಲ್ಲ. ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೊಮ್‌ಹೆಕ್ಸಿನ್ ಮತ್ತು ಆಂಬ್ರಾಕ್ಸಾಲ್‌ಗಳಲ್ಲಿ ಥಯಾಲ್ ಇಲ್ಲ. ಅವುಗಳ ಮೂಲ ನಮ್ಮ ಬೇಲಿಯಲ್ಲೇ ಇದೆ. ಅಜ್ಜಿಯರು ಕೆಮ್ಮಿಗೆ ಕಷಾಯ ಮಾಡುತ್ತಿದ್ದ ಆಡುಸೋಗೆ ಸೊಪ್ಪಿನಲ್ಲಿ ವಾಸಿಸಿನ್ ಅನ್ನುವ ವಸ್ತುವಿದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಬ್ರೊಮ್‌ಹೆಕ್ಸಿನ್ ತಯಾರಿಸಿದರು, ಅದರಿಂದ ಆಂಬ್ರಾಕ್ಸಾಲ್ ಬಂತು. ಹಾಗಾಗಿ ಒಂದು ಕಫದ ಔಷಧಿಯ ಬಗ್ಗೆ ಓದಿದ್ದನ್ನು ಇನ್ನೊಂದಕ್ಕೆ ಅನ್ವಯಿಸುವ ಹಾಗಿಲ್ಲ.

ದೊಡ್ಡಮ್ಮನ ಕಾಯಿಲೆ

ಅವರಿಗಿದ್ದದ್ದು ಲಿಯೋಮಯೋಸಾರ್ಕೋಮಾ. ಹೆಸರು ಉದ್ದವಿದೆ, ಬಿಡಿಸಿದರೆ ಸುಲಭ. ಗ್ರೀಕ್ ಭಾಷೆಯಲ್ಲಿ ಲಿಯೋ ಅಂದರೆ ನಯ, ಮಯೋ ಅಂದರೆ ಸ್ನಾಯು, ಸಾರ್ಕ್ ಅಂದರೆ ಮಾಂಸ. ಅಂದರೆ ನಯ ಸ್ನಾಯುವಿನ ಕ್ಯಾನ್ಸರ್.

ನಾವು ಹೇಳಿದಂತೆ ಕೇಳುವ ಕೈಕಾಲಿನ ಸ್ನಾಯು ಬೇರೆ. ನಮ್ಮನ್ನು ಕೇಳದೆ ತನ್ನ ಪಾಡಿಗೆ ಕೆಲಸ ಮಾಡುವ ನಯ ಸ್ನಾಯು ಬೇರೆ. ಇದು ರಕ್ತನಾಳಗಳ ಗೋಡೆಯಲ್ಲಿದೆ, ಜಠರದಲ್ಲಿದೆ, ಕರುಳಿನಲ್ಲಿದೆ, ಗರ್ಭಕೋಶದಲ್ಲಿದೆ. ಆದ್ದರಿಂದ ಈ ಕ್ಯಾನ್ಸರ್ ಎಲ್ಲಿ ಬೇಕಾದರೂ ಹುಟ್ಟಬಹುದು. ಗರ್ಭಕೋಶ ಮತ್ತು ಹೊಟ್ಟೆಯ ಹಿಂಭಾಗದಲ್ಲಿ ಹೆಚ್ಚು. ಗರ್ಭಕೋಶದಲ್ಲಿ ಎಷ್ಟೋ ಹೆಂಗಸರಿಗೆ ಆಗುವ ಫೈಬ್ರಾಯ್ಡ್ ಗಡ್ಡೆ ಕೂಡ ಇದೇ ನಯ ಸ್ನಾಯುವಿನದು, ಆದರೆ ಅದು ಕ್ಯಾನ್ಸರ್ ಅಲ್ಲ. ಫೈಬ್ರಾಯ್ಡ್ ತೀರಾ ಸಾಮಾನ್ಯ, ಲಿಯೋಮಯೋಸಾರ್ಕೋಮಾ ತೀರಾ ಅಪರೂಪ. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಮೃದು ಅಂಗಾಂಶದ ಸಾರ್ಕೋಮಾಗಳು ಎಲ್ಲಾ ಸೇರಿ ಸುಮಾರು ಶೇಕಡಾ 1. ಅದರಲ್ಲಿ ಇದು ಹೆಚ್ಚೆಂದರೆ ಐದರಲ್ಲಿ ಒಂದು ಪಾಲು.

ಅಪರೂಪವಾದದ್ದಕ್ಕೆ ಒಂದು ತೊಂದರೆಯಿದೆ. ರೋಗಿಗಳ ಸಂಖ್ಯೆ ಕಡಿಮೆ, ಹಾಗಾಗಿ ಪ್ರಯೋಗ ಮಾಡುವುದು ಕಷ್ಟ. ಎಷ್ಟೋ ಅಧ್ಯಯನಗಳಲ್ಲಿ ಹತ್ತಾರು ಬಗೆಯ ಸಾರ್ಕೋಮಾಗಳನ್ನು ಒಂದೇ ಬುಟ್ಟಿಗೆ ಹಾಕಿ ಲೆಕ್ಕ ಮಾಡಿರುತ್ತಾರೆ. ಸಾಲದ್ದಕ್ಕೆ ಹೆಸರಿನಲ್ಲೂ ಗೊಂದಲ. ಜಠರ ಮತ್ತು ಕರುಳಿನ ಒಂದು ಬಗೆಯ ಗಡ್ಡೆಯನ್ನು ಬಹಳ ಕಾಲ ಲಿಯೋಮಯೋಸಾರ್ಕೋಮಾ ಅಂತಲೇ ಕರೆಯುತ್ತಿದ್ದರು. 1998ರಲ್ಲಿ ಜಪಾನಿನ ಸಂಶೋಧಕರು ಅದರಲ್ಲಿ ಕಿಟ್ ಅನ್ನುವ ಜೀನ್‌ನ ದೋಷ ಇರುವುದನ್ನು ತೋರಿಸಿದ ಮೇಲೆ, ಅದು ಜಿಐಎಸ್‌ಟಿ ಅನ್ನುವ ಬೇರೆಯೇ ರೋಗ ಅಂತ ಗಟ್ಟಿಯಾಯಿತು. ಅದಕ್ಕೂ ಹಿಂದಿನ ಪೇಪರ್‌ಗಳಲ್ಲಿ "ಜಠರದ ಲಿಯೋಮಯೋಸಾರ್ಕೋಮಾ" ಅಂತ ಕಂಡರೆ ಅದರಲ್ಲಿ ಬಹಳಷ್ಟು ಇವತ್ತಿನ ಅರ್ಥದಲ್ಲಿ ಅದಲ್ಲ. ಡೇಟಾದ ಹೆಡ್ಡಿಂಗೇ ತಪ್ಪಿದ್ದರೆ ಕೆಳಗಿನ ಸಾಲುಗಳನ್ನು ಎಷ್ಟು ಚೆನ್ನಾಗಿ ಲೆಕ್ಕ ಹಾಕಿದರೂ ಏನು ಬಂತು?

ಕಾದ ಎಣ್ಣೆಯ ಘಾಟು

ಈಗ ಕಥೆಯ ಮೂರನೇ ಪಾತ್ರ, ಐಫಾಸ್ಫಮೈಡ್. ಸಾರ್ಕೋಮಾಗಳಿಗೆ ಕೊಡುವ ಹಳೆಯ ಕೀಮೋ ಔಷಧಿಗಳಲ್ಲಿ ಒಂದು. ದೊಡ್ಡಮ್ಮನ ಡ್ರಿಪ್‌ನಲ್ಲಿ ಮೆಸ್ನಾದ ಜೊತೆಗಿದ್ದದ್ದು ಇದೇ. ಇದನ್ನು ಕಂಡುಹಿಡಿದದ್ದು ಜರ್ಮನಿಯ ಆಸ್ಟಾ ಅನ್ನುವ ಔಷಧ ಕಂಪನಿಯಲ್ಲಿ.

ಐಫಾಸ್ಫಮೈಡ್ ದೇಹದೊಳಗೆ ಹೋದ ಕೂಡಲೇ ಕೆಲಸ ಶುರು ಮಾಡುವುದಿಲ್ಲ. ಮೊದಲು ಲಿವರ್ ಅದನ್ನು ಬದಲಾಯಿಸಬೇಕು. ಕೊನೆಗೆ ಅದು ಎರಡು ಹೋಳಾಗುತ್ತದೆ. ಒಂದು ಹೋಳು ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಕಟ್ಟಿಹಾಕುತ್ತದೆ, ನಮಗೆ ಬೇಕಾದದ್ದು ಅದು. ಇನ್ನೊಂದು ಹೋಳಿನ ಹೆಸರು ಅಕ್ರೋಲಿನ್.

ಅಕ್ರೋಲಿನ್ ನಿಮಗೆ ಹೊಸದಲ್ಲ. ಬಾಣಲೆಯಲ್ಲಿ ಎಣ್ಣೆ ಮರೆತು ಅತಿಯಾಗಿ ಕಾದಾಗ ಕಣ್ಣಲ್ಲಿ ನೀರು ತರಿಸುವ ಘಾಟು ಬರುತ್ತದಲ್ಲ, ಅದರಲ್ಲಿ ಇದೇ ಇರುವುದು. ಸಿಗರೇಟಿನ ಹೊಗೆಯಲ್ಲೂ ಇದೆ. ಈಗ ಅದೇ ವಸ್ತು ರಕ್ತದಿಂದ ಸೋಸಿ ಮೂತ್ರಕ್ಕೆ ಬಂದು, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತರೆ ಏನಾಗುತ್ತದೆ ಊಹಿಸಿ. ಒಳಪದರ ಸುಟ್ಟ ಹಾಗಾಗಿ ರಕ್ತ ಸುರಿಯಲು ಶುರುವಾಗುತ್ತದೆ. ಐಫಾಸ್ಫಮೈಡ್ ಬಂದ ಹೊಸತರಲ್ಲಿ ವೈದ್ಯರನ್ನು ಕಾಡಿದ್ದು ಇದೇ. ಗಡ್ಡೆಗೆ ಬೇಕಾದಷ್ಟು ಡೋಸ್ ಕೊಡೋಣವೆಂದರೆ ಅದಕ್ಕಿಂತ ಮೊದಲು ಮೂತ್ರಕೋಶ ಕೈಕೊಡುತ್ತಿತ್ತು.

ಇಂಜಿನಿಯರ್‌ಗಳಾದ ನಮಗೆ ಇದು ಪರಿಚಿತ ಸಮಸ್ಯೆ. ಮೋಟಾರಿಗೆ ಇನ್ನೂ ಶಕ್ತಿಯಿದೆ, ಆದರೆ ಬೇರಿಂಗ್ ತಡೆಯುವುದಿಲ್ಲ. ಮೋಟಾರಿನ ವೇಗ ಇಳಿಸದೆ ಬೇರಿಂಗ್ ಉಳಿಸಬೇಕು.

ಥಯಾಲ್ ಬೇಕು, ಆದರೆ ಎಲ್ಲಾ ಕಡೆ ಬೇಡ

ಅಕ್ರೋಲಿನ್‌ನಲ್ಲಿ ಒಂದು ಜೋಡಿ ಬಂಧವಿದೆ. ಥಯಾಲ್ ಗುಂಪು ಅದಕ್ಕೆ ತಟ್ಟನೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ಅಕ್ರೋಲಿನ್‌ನ ಘಾಟು ಮುಗಿಯಿತು, ಮೂತ್ರದ ಜೊತೆ ಸುಮ್ಮನೆ ಹೊರಗೆ ಹೋಗುತ್ತದೆ. ಹಾಗಾದರೆ ಉತ್ತರ ಸುಲಭ ಅನ್ನಿಸುತ್ತದೆ: ಕೈಯಲ್ಲೇ ಇರುವ ಥಯಾಲ್, ಅಂದರೆ ಕಫದ ಅಸಿಟೈಲ್‌ಸಿಸ್ಟೀನ್ ಕೊಟ್ಟರಾಯಿತು. ಅದನ್ನು ಪ್ರಯತ್ನಿಸಿಯೂ ನೋಡಿದರು.

ತೊಡಕು ಇರುವುದು ಇಲ್ಲಿ. ಥಯಾಲ್‌ಗೆ ಒಳ್ಳೆಯ ಹೋಳು ಯಾವುದು, ಕೆಟ್ಟ ಹೋಳು ಯಾವುದು ಅಂತ ಗೊತ್ತಾಗುವುದಿಲ್ಲ. ರಕ್ತದಲ್ಲಿ, ಜೀವಕೋಶಗಳ ಒಳಗೆ ಎಲ್ಲೆಲ್ಲೂ ಥಯಾಲ್ ಹರಡಿಕೊಂಡರೆ ಅದು ಕೀಮೋ ಔಷಧಿಯನ್ನೇ ನಿಷ್ಕ್ರಿಯ ಮಾಡಿಬಿಡುವ ಭಯ. ಮೂತ್ರಕೋಶವೇನೋ ಉಳಿಯಿತು, ಜೊತೆಗೆ ಗಡ್ಡೆಯೂ ಉಳಿಯಿತು ಅಂದರೆ ಹೇಗೆ?

ಆಸ್ಟಾದಲ್ಲಿ ನಾರ್ಬರ್ಟ್ ಬ್ರಾಕ್ ಮತ್ತು ಅವರ ಸಂಗಡಿಗರು ಹಲವು ಥಯಾಲ್‌ಗಳನ್ನು ಒಂದೊಂದಾಗಿ ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಹುಡುಕುತ್ತಿದ್ದದ್ದು ಎರಡು ಗುಣ ಒಟ್ಟಿಗೆ ಇರುವ ಅಣುವನ್ನು: ಮೂತ್ರದಲ್ಲಿ ಎಚ್ಚರ ಇರಬೇಕು, ಉಳಿದ ಕಡೆ ನಿದ್ದೆ ಮಾಡುತ್ತಿರಬೇಕು. 1980ರ ಆಸುಪಾಸಿನಲ್ಲಿ ಸಿಕ್ಕಿದ ಉತ್ತರ ಮೆಸ್ನಾ.

ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ಮೆಸ್ನಾ ಪುಟ್ಟ ಅಣು. ಒಂದು ತುದಿಯಲ್ಲಿ ಥಯಾಲ್, ಇನ್ನೊಂದು ತುದಿಯಲ್ಲಿ ವಿದ್ಯುದಾವೇಶ ಇರುವ ಸಲ್ಫೋನೇಟ್. ಆವೇಶ ಇರುವುದರಿಂದ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಜೀವಕೋಶದ ಎಣ್ಣೆಯಂಥ ಪೊರೆಯನ್ನು ದಾಟಿ ಸುಲಭವಾಗಿ ಒಳಗೆ ಹೋಗುವುದಿಲ್ಲ. ರಕ್ತಕ್ಕೆ ಸೇರಿದ ಸ್ವಲ್ಪ ಹೊತ್ತಿಗೇ ಎರಡೆರಡು ಮೆಸ್ನಾಗಳು ಗಂಧಕದ ಕೈ ಹಿಡಿದು ಡೈಮೆಸ್ನಾ ಆಗುತ್ತವೆ. ಹೌದು, ಕಫದಲ್ಲಿ ನೋಡಿದ ಅದೇ ಸೇತುವೆ. ಎರಡೂ ಕೈ ಕಟ್ಟಿಹೋದ್ದರಿಂದ ರಕ್ತದಲ್ಲಿ ಅದು ಕೀಮೋ ಔಷಧಿಯ ತಂಟೆಗೆ ಹೋಗುವುದಿಲ್ಲ. ಹಾಗೇ ಹರಿದು ಕಿಡ್ನಿಗೆ ಬರುತ್ತದೆ. ಕಿಡ್ನಿಯ ಕೋಶಗಳು ಆ ಸೇತುವೆಯನ್ನು ಮುರಿದು ಮತ್ತೆ ಮೆಸ್ನಾ ಮಾಡಿ ಮೂತ್ರಕ್ಕೆ ಬಿಡುತ್ತವೆ. ಅಕ್ರೋಲಿನ್ ಅಲ್ಲೇ ಸಿಗುತ್ತದೆ. ಹಿಡಿದು ಕಟ್ಟುತ್ತದೆ.

ಶತ್ರು ಬರುವ ಬಾಗಿಲಿನಲ್ಲೇ ಕಾವಲುಗಾರನ ಕೈಗೆ ಕೋಲು ಕೊಟ್ಟ ಹಾಗೆ. ಬೀದಿಯಲ್ಲಿ ಬರುವಾಗ ಅವನ ಕೈ ಕಟ್ಟಿರುತ್ತದೆ.

ಅಮೆರಿಕದಲ್ಲಿ ಐಫಾಸ್ಫಮೈಡ್‌ಗೂ ಮೆಸ್ನಾಗೂ ಒಂದೇ ವರ್ಷ, 1988ರಲ್ಲಿ, ಒಪ್ಪಿಗೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಔಷಧ ವರ್ಗೀಕರಣದಲ್ಲಿ ಮೆಸ್ನಾಗೆ ಇವತ್ತಿಗೂ ಎರಡು ಸಂಕೇತಗಳಿವೆ. ಕಫ ಕರಗಿಸುವ ಔಷಧಿಗಳ ಸಾಲಿನಲ್ಲಿ ಆರ್05ಸಿಬಿ05, ಕೀಮೋದ ವಿಷ ತಗ್ಗಿಸುವ ಔಷಧಿಗಳ ಸಾಲಿನಲ್ಲಿ ವಿ03ಎಎಫ್01. ನಮ್ಮ ಗೆಳೆಯನ ಅಣ್ಣ ನೋಡಿದ್ದು ಸುಳ್ಳಲ್ಲ. ಅವನು ಮೊದಲ ಸಾಲನ್ನು ಓದಿ ಫೋನ್ ಮುಚ್ಚಿದ, ಅಷ್ಟೇ.

ಮೂರು ಸಲ ಯಾಕೆ? ಲೆಕ್ಕ ಹಾಕೋಣ

ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಐಫಾಸ್ಫಮೈಡ್‌ನ ತೂಕದ ಶೇಕಡಾ 20ರಷ್ಟು ಮೆಸ್ನಾವನ್ನು ಕೀಮೋ ಹಾಕುವಾಗ ಒಂದು ಸಲ, 4 ಗಂಟೆಯ ನಂತರ ಒಂದು ಸಲ, 8 ಗಂಟೆಯ ನಂತರ ಒಂದು ಸಲ ಕೊಡುವುದು ಬಳಕೆಯಲ್ಲಿರುವ ಒಂದು ಪದ್ಧತಿ. ಒಟ್ಟು ಶೇಕಡಾ 60. ಡ್ರಿಪ್‌ನಲ್ಲಿ ನಿರಂತರವಾಗಿ ಕೊಡುವ, ಮಾತ್ರೆಯಾಗಿ ಕೊಡುವ ಪದ್ಧತಿಗಳೂ ಇವೆ, ಅವುಗಳ ಲೆಕ್ಕ ಬೇರೆ.

ಮೊದಲು ಪ್ರಮಾಣ ನೋಡೋಣ. ಐಫಾಸ್ಫಮೈಡ್‌ನ ಅಣುತೂಕ ಸುಮಾರು 261, ಮೆಸ್ನಾದ್ದು ಸುಮಾರು 164. 1 ಗ್ರಾಂ ಐಫಾಸ್ಫಮೈಡ್ ಅಂದರೆ 3.83 ಮಿಲಿಮೋಲ್. 0.6 ಗ್ರಾಂ ಮೆಸ್ನಾ ಅಂದರೆ 3.65 ಮಿಲಿಮೋಲ್. ಹೆಚ್ಚುಕಡಿಮೆ ಒಂದಕ್ಕೊಂದು. ಒಂದು ಐಫಾಸ್ಫಮೈಡ್ ಅಣುವಿನಿಂದ ಹೆಚ್ಚೆಂದರೆ ಒಂದು ಅಕ್ರೋಲಿನ್ ಹುಟ್ಟಬಹುದು, ಎಲ್ಲವೂ ಆ ದಾರಿ ಹಿಡಿಯುವುದೂ ಇಲ್ಲ. ಪ್ರತಿ ಕಳ್ಳನಿಗೂ ಒಬ್ಬ ಕಾವಲುಗಾರನ ಲೆಕ್ಕ ಅನ್ನಬಹುದು.

ಇನ್ನು ಸಮಯ. ಆರ್‌ಸಿ ಸರ್ಕ್ಯೂಟ್‌ನಲ್ಲಿ ಕೆಪಾಸಿಟರ್ ಡಿಸ್ಚಾರ್ಜ್ ಆಗುವ ಗ್ರಾಫ್ ಲ್ಯಾಬ್‌ನಲ್ಲಿ ಬಿಡಿಸಿದ್ದೀರಲ್ಲ, ರಕ್ತದಲ್ಲಿ ಔಷಧಿ ಇಳಿಯುವುದೂ ಸುಮಾರಾಗಿ ಅದೇ ಗ್ರಾಫ್. ಅರ್ಧಕ್ಕೆ ಇಳಿಯಲು ಬೇಕಾದ ಸಮಯವೇ ಅರ್ಧಾಯುಷ್ಯ. ಮೆಸ್ನಾದ ಅರ್ಧಾಯುಷ್ಯ 0.36 ಗಂಟೆ, ಅಂದರೆ 22 ನಿಮಿಷ. ಡೈಮೆಸ್ನಾದ್ದು 1.17 ಗಂಟೆ, ಸುಮಾರು 70 ನಿಮಿಷ. ಸಾಧಾರಣ ಡೋಸ್‌ನಲ್ಲಿ ಐಫಾಸ್ಫಮೈಡ್‌ನದು ಸುಮಾರು 7 ಗಂಟೆ, ಡೋಸ್ ಹೆಚ್ಚಾದರೆ ಇನ್ನೂ ಹೆಚ್ಚು.

ಬೆಳಿಗ್ಗೆ 10ಕ್ಕೆ ಎರಡನ್ನೂ ಒಟ್ಟಿಗೆ ಕೊಟ್ಟರು ಅಂದುಕೊಳ್ಳಿ. ಮಧ್ಯಾಹ್ನ 2ರ ಹೊತ್ತಿಗೆ ಡೈಮೆಸ್ನಾ ಸುಮಾರು ಮೂರೂವರೆ ಸಲ ಅರ್ಧವಾಗಿರುತ್ತದೆ, ಉಳಿದದ್ದು ಶೇಕಡಾ 9. ಐಫಾಸ್ಫಮೈಡ್ ಇನ್ನೂ ಶೇಕಡಾ 67 ಇದೆ. ಕಾವಲುಗಾರ ಮನೆಗೆ ಹೋದ, ಕಳ್ಳ ಇನ್ನೂ ಊರಲ್ಲೇ ಇದ್ದಾನೆ. ಅದಕ್ಕೆ 2 ಗಂಟೆಗೆ ಎರಡನೆಯ ಡೋಸ್. ಸಂಜೆ 6ಕ್ಕೆ ಅದರದ್ದೂ ಶೇಕಡಾ 9 ಉಳಿದಿರುತ್ತದೆ, ಐಫಾಸ್ಫಮೈಡ್ ಶೇಕಡಾ 45. ಅಂದರೆ ಅರ್ಧದ ಹತ್ತಿರ ಔಷಧಿ ಇನ್ನೂ ಅಕ್ರೋಲಿನ್ ಆಗಲು ಕಾದು ಕೂತಿದೆ. ಆ ಹೊತ್ತಿನಲ್ಲಿ ಮೂರನೆಯ ಡೋಸ್ ಬಿಟ್ಟು ಬಸ್ ಹತ್ತಿದರೆ, ಬಸ್ಸಿನ ಮೂರು ನಾಲ್ಕು ಗಂಟೆಯ ಪ್ರಯಾಣದಲ್ಲಿ, ಮೂತ್ರಕ್ಕೆ ಹೋಗಲೂ ಆಗದೆ, ಆ ಘಾಟು ಒಳಗೇ ನಿಂತಿರುತ್ತದೆ.

ಇದು ನಾವು ಸರಳ ಮಾಡಿಕೊಂಡ ಲೆಕ್ಕ. ನಿಜವಾದ ದೇಹ ಒಂದು ಕೆಪಾಸಿಟರ್ ಅಲ್ಲ, ಎಲ್ಲವನ್ನೂ ಒಂದೇ ಕ್ಷಣದಲ್ಲಿ ಕೊಡುವುದೂ ಇಲ್ಲ. ಆದರೆ "ಕೊನೆಯದು ಯಾಕೆ ಬೇಕು" ಅನ್ನುವುದಕ್ಕೆ ಇಷ್ಟು ಸಾಕು. ಕೀಮೋ ದಿನ ಚೆನ್ನಾಗಿ ನೀರು ಕುಡಿಯಿರಿ, ಆಗಾಗ ಮೂತ್ರಕ್ಕೆ ಹೋಗಿ ಅಂತ ಹೇಳುವುದೂ, ಡ್ರಿಪ್‌ನಲ್ಲಿ ಬಾಟಲಿಗಟ್ಟಲೆ ದ್ರವ ಏರಿಸುವುದೂ ಇದೇ ಕಾರಣಕ್ಕೆ. ಅಕ್ರೋಲಿನ್ ತೆಳುವಾಗಬೇಕು, ಬೇಗ ಹೊರಗೆ ಹೋಗಬೇಕು.

ಮೆಸ್ನಾ ಏನು ಮಾಡುವುದಿಲ್ಲ

ಇಷ್ಟೆಲ್ಲಾ ಓದಿ "ಕಫದ ಔಷಧಿಯಿಂದ ಕ್ಯಾನ್ಸರ್ ವಾಸಿ" ಅಂತ ಯಾರಾದರೂ ಸ್ಟೇಟಸ್ ಹಾಕಿದರೆ ನಮ್ಮ ಶ್ರಮ ವ್ಯರ್ಥ. ಮೆಸ್ನಾ ಗಡ್ಡೆಯನ್ನು ಮುಟ್ಟುವುದೇ ಇಲ್ಲ. ಐಫಾಸ್ಫಮೈಡ್ ಕಿಡ್ನಿಗೆ ಮಾಡುವ ಹಾನಿಯನ್ನಾಗಲಿ, ಕೆಲವರಿಗೆ ಆಗುವ ಮಂಕು, ಗೊಂದಲದಂಥ ಮಿದುಳಿನ ತೊಂದರೆಯನ್ನಾಗಲಿ ಅದು ತಡೆಯುವುದಿಲ್ಲ. ಅದು ಕಾಯುವುದು ಮೂತ್ರದ ಹಾದಿಯನ್ನು ಮಾತ್ರ, ಅದೂ ನೂರಕ್ಕೆ ನೂರಲ್ಲ. ಆದ್ದರಿಂದಲೇ ಮೂತ್ರ ಪರೀಕ್ಷೆ ಮಾಡುತ್ತಲೇ ಇರುತ್ತಾರೆ. ಒಂದು ತಮಾಷೆಯೂ ಇದೆ. ಮೂತ್ರದಲ್ಲಿ ಮೆಸ್ನಾ ಇದ್ದಾಗ ಬಣ್ಣದ ಪಟ್ಟಿಯ ಪರೀಕ್ಷೆ ಕೀಟೋನ್ ಇದೆ ಅಂತ ಸುಳ್ಳು ಹೇಳಬಹುದು. ಸೆನ್ಸರ್ ನಂಬುವ ಮೊದಲು ಅದು ಇನ್ಯಾವುದಕ್ಕೆಲ್ಲಾ ಸ್ಪಂದಿಸುತ್ತದೆ ಅಂತ ಕೇಳಬೇಕು ಅನ್ನುವುದು ನಮ್ಮ ಪಾಠವೂ ಹೌದು.

ಇನ್ನು ಐಫಾಸ್ಫಮೈಡ್‌ನ ಬಲ ಎಷ್ಟು? ಯುರೋಪಿನ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಹರಡಿದ ಸಾರ್ಕೋಮಾ ಇದ್ದ 455 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಡಾಕ್ಸೊರುಬಿಸಿನ್ ಒಂದನ್ನೇ, ಉಳಿದವರಿಗೆ ಅದರ ಜೊತೆ ಐಫಾಸ್ಫಮೈಡ್ ಮತ್ತು ಮೆಸ್ನಾ ಕೊಟ್ಟರು. ಎರಡನೆಯ ಗುಂಪಿನಲ್ಲಿ ಗಡ್ಡೆ ಕುಗ್ಗಿದವರು ಶೇಕಡಾ 26, ಮೊದಲನೆಯದರಲ್ಲಿ 14. ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ 4.6 ತಿಂಗಳಿಂದ 7.4 ತಿಂಗಳಿಗೆ ಏರಿತು. ಆದರೆ ಬದುಕಿದ ಅವಧಿ 12.8 ತಿಂಗಳು ಮತ್ತು 14.3 ತಿಂಗಳು. ಆ ವ್ಯತ್ಯಾಸ ಆಕಸ್ಮಿಕವಲ್ಲ ಅಂತ ಹೇಳಲು ಬರುವಷ್ಟು ದೊಡ್ಡದಾಗಿರಲಿಲ್ಲ. ಅಡ್ಡ ಪರಿಣಾಮಗಳೂ ಹೆಚ್ಚಿದ್ದವು. ಗಡ್ಡೆಯನ್ನು ಬೇಗ ಕುಗ್ಗಿಸುವ ಅಗತ್ಯ ಇದ್ದಾಗ ಜೋಡಿ ಔಷಧಿ ಉಪಯುಕ್ತ, ಎಲ್ಲರಿಗೂ ಅಲ್ಲ, ಅನ್ನುವುದು ಅದರ ತಾತ್ಪರ್ಯ.

ಲಿಯೋಮಯೋಸಾರ್ಕೋಮಾವನ್ನೇ ಪ್ರತ್ಯೇಕವಾಗಿ ತೆಗೆದುಕೊಂಡರೆ, ಉಳಿದ ಕೆಲವು ಸಾರ್ಕೋಮಾಗಳಷ್ಟು ಚೆನ್ನಾಗಿ ಅದು ಐಫಾಸ್ಫಮೈಡ್‌ಗೆ ಬಗ್ಗುವುದಿಲ್ಲ. ಫ್ರಾನ್ಸಿನಲ್ಲಿ ಈ ಒಂದೇ ರೋಗದ 150 ಜನರ ಮೇಲೆ ನಡೆದ ಪ್ರಯೋಗದಲ್ಲಿ ಡಾಕ್ಸೊರುಬಿಸಿನ್ ಜೊತೆ ಟ್ರಾಬೆಕ್ಟೆಡಿನ್ ಕೊಟ್ಟಾಗ ರೋಗ ನಿಂತ ಅವಧಿ 6.2 ತಿಂಗಳಿಂದ 12.2 ತಿಂಗಳಿಗೆ ಏರಿತು. 2024ರಲ್ಲಿ ಪ್ರಕಟವಾದ ಮುಂದಿನ ಭಾಗದಲ್ಲಿ ಬದುಕಿದ ಅವಧಿಯೂ ಹೆಚ್ಚಾಗಿತ್ತು, ಸುಮಾರು 24 ತಿಂಗಳಿಂದ 33 ತಿಂಗಳಿಗೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕದೆ ಒಂದು ರೋಗವನ್ನೇ ಹಿಡಿದು ಕೇಳಿದ್ದಕ್ಕೆ ಸಿಕ್ಕಿದ ಉತ್ತರ ಇದು. ಹಾಗಂತ ಯಾರಿಗೆ ಯಾವುದು ಅನ್ನುವುದನ್ನು ರೋಗಿಯ ವಯಸ್ಸು, ಹೃದಯ, ಕಿಡ್ನಿ, ಗಡ್ಡೆಯ ಜಾಗ, ಖರ್ಚು ಎಲ್ಲಾ ನೋಡಿ ವೈದ್ಯರೇ ತೀರ್ಮಾನಿಸಬೇಕು. ದೊಡ್ಡಮ್ಮನಿಗೆ ಯಾಕೆ ಇದು, ಯಾಕೆ ಅದಲ್ಲ ಅಂತ ನಾವು ಹಾಸ್ಟೆಲಿನಲ್ಲಿ ಕೂತು ತೀರ್ಪು ಕೊಡುವ ಹಾಗಿಲ್ಲ.

ಅದೇ ಗಂಧಕ, ಬೇರೆ ಜಾಗ

ಓದುವಾಗ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ಭಾಗ ಇದು. ಅಸಿಟೈಲ್‌ಸಿಸ್ಟೀನ್ ಒಳ್ಳೆಯ ಔಷಧಿ. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವರ ಲಿವರ್ ಉಳಿಸುವ ಮದ್ದು ಅಂತ 1970ರ ದಶಕದಲ್ಲಿ ಎಡಿನ್‌ಬರೋದ ವೈದ್ಯರು ತೋರಿಸಿಕೊಟ್ಟರು, ಇವತ್ತಿಗೂ ಅದು ಪ್ರಾಣ ಉಳಿಸುತ್ತಿದೆ. ಅದು ಆಂಟಿಆಕ್ಸಿಡೆಂಟ್ ಕೂಡ. ಆಂಟಿಆಕ್ಸಿಡೆಂಟ್ ಅಂದ ಕೂಡಲೇ ಕ್ಯಾನ್ಸರ್ ತಡೆಯುತ್ತದೆ ಅಂತ ನಂಬುವವರು ಬಹಳ. ಜಿಮ್‌ಗೆ ಹೋಗುವ ನಮ್ಮ ಗೆಳೆಯರಲ್ಲೇ ಅದನ್ನು ದಿನಾ ತೆಗೆದುಕೊಳ್ಳುವವರಿದ್ದಾರೆ.

ಆ ನಂಬಿಕೆಯನ್ನು ಯುರೋಪಿನಲ್ಲಿ ಪರೀಕ್ಷೆಗೆ ಇಟ್ಟರು. ಶ್ವಾಸಕೋಶ ಅಥವಾ ತಲೆ ಕತ್ತಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ 2,592 ಜನರಲ್ಲಿ ಕೆಲವರಿಗೆ ಎರಡು ವರ್ಷ ದಿನಕ್ಕೆ 600 ಮಿಲಿಗ್ರಾಂ ಅಸಿಟೈಲ್‌ಸಿಸ್ಟೀನ್, ಕೆಲವರಿಗೆ ವಿಟಮಿನ್ ಎ, ಕೆಲವರಿಗೆ ಎರಡೂ ಕೊಟ್ಟು, ಏನೂ ಕೊಡದವರ ಜೊತೆ ಹೋಲಿಸಿದರು. 2000ದಲ್ಲಿ ಬಂದ ಫಲಿತಾಂಶ: ಲಾಭವಿಲ್ಲ.

2014ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ತಂಡ ಇನ್ನೂ ಬೆಚ್ಚಿಬೀಳಿಸುವ ಫಲಿತಾಂಶ ಪ್ರಕಟಿಸಿತು. ಶ್ವಾಸಕೋಶದಲ್ಲಿ ಆಗಲೇ ಗಡ್ಡೆ ಹುಟ್ಟಿದ್ದ ಇಲಿಗಳಿಗೆ ಅಸಿಟೈಲ್‌ಸಿಸ್ಟೀನ್ ಕೊಟ್ಟಾಗ ಗಡ್ಡೆ ಇನ್ನೂ ಬೇಗ ಬೆಳೆಯಿತು. ಕ್ಯಾನ್ಸರ್ ಕೋಶದೊಳಗೆ ಆಕ್ಸಿಡೇಶನ್‌ನ ಒತ್ತಡ ಹೆಚ್ಚಿದಾಗ ಪಿ53 ಅನ್ನುವ ಪ್ರೋಟೀನ್ ಎಚ್ಚೆತ್ತು ಬ್ರೇಕ್ ಹಾಕುತ್ತದೆ. ಥಯಾಲ್ ಬಂದು ಆ ಒತ್ತಡವನ್ನು ಇಳಿಸಿತು, ಬ್ರೇಕ್ ಬೀಳಲಿಲ್ಲ. ಮರುವರ್ಷ ಅದೇ ತಂಡ ಮೆಲನೋಮಾ ಇದ್ದ ಇಲಿಗಳಲ್ಲಿ, ಮೂಲ ಗಡ್ಡೆ ದೊಡ್ಡದಾಗದಿದ್ದರೂ ದುಗ್ಧಗ್ರಂಥಿಗಳಿಗೆ ಹರಡುವುದು ಹೆಚ್ಚಾಯಿತು ಅಂತ ತೋರಿಸಿತು.

ಇವು ಇಲಿಗಳ ಅಧ್ಯಯನಗಳು, ಶ್ವಾಸಕೋಶ ಮತ್ತು ಚರ್ಮದ ಕ್ಯಾನ್ಸರ್‌ನವು. ಇದನ್ನು ಹಿಡಿದು "ಕಫದ ಮಾತ್ರೆಯಿಂದ ನಯ ಸ್ನಾಯುವಿನ ಕ್ಯಾನ್ಸರ್ ಬರುತ್ತೆ" ಅಂದರೆ ಅದು ಎರಡು ಹೊಳೆಯನ್ನು ಒಂದೇ ಹಾರಿಗೆ ದಾಟಿದ ಹಾಗೆ. ನೆಗಡಿಗೆ ಡಾಕ್ಟರ್ ಬರೆದುಕೊಟ್ಟ ಐದು ದಿನದ ಮಾತ್ರೆಯನ್ನು ಕಂಡು ಹೆದರಬೇಕಿಲ್ಲ. ಆದರೆ ಕೀಮೋ ನಡೆಯುತ್ತಿರುವವರು "ಆಂಟಿಆಕ್ಸಿಡೆಂಟ್ ಅಲ್ವಾ, ಒಳ್ಳೇದೇ" ಅಂತ ತಾವಾಗಿಯೇ ಇದನ್ನು ನುಂಗುವ ಮೊದಲು ತಮ್ಮ ಡಾಕ್ಟರಿಗೆ ಹೇಳಲೇಬೇಕು. ಬ್ರಾಕ್ ಅವರ ತಂಡ ಮೆಸ್ನಾವನ್ನು ಆರಿಸಿಕೊಂಡಾಗ ಇದ್ದ ಭಯವೂ ಇದರ ಅಣ್ಣತಮ್ಮನೇ: ಥಯಾಲ್ ಗಡ್ಡೆಯ ಒಳಗೆ ಹೋಗಬಾರದು.

ನಂಟು ಅಂದರೆ ಯಾವ ನಂಟು?

"ಈ ಔಷಧಿಗೂ ಆ ಕ್ಯಾನ್ಸರ್‌ಗೂ ನಂಟು" ಅನ್ನುವ ಸುದ್ದಿ ವಾರಕ್ಕೊಂದು ಮೊಬೈಲ್‌ಗೆ ಬರುತ್ತದೆ. ನಂಟು ಅಂದರೆ ಕಾರಣವೂ ಆಗಬಹುದು, ಚಿಕಿತ್ಸೆಯೂ ಆಗಬಹುದು, ಚಿಕಿತ್ಸೆಯ ಜೊತೆಗಾರನೂ ಆಗಬಹುದು, ಬರೀ ಒಂದೇ ಪಟ್ಟಿಯಲ್ಲಿ ಹೆಸರು ಬಂದಿರುವುದೂ ಆಗಬಹುದು. ಇನ್ನು ಮುಂದೆ ಇಂಥದ್ದು ಬಂದಾಗ ನಾವು ನಾಲ್ಕು ಪ್ರಶ್ನೆ ಕೇಳೋಣ ಅಂತ ಮಾತಾಡಿಕೊಂಡಿದ್ದೇವೆ.

ಒಂದು, ಯಾವ ಅಣು? ವರ್ಗದ ಹೆಸರಲ್ಲ, ಅಣುವಿನ ಹೆಸರು. ಎರಡು, ಅದು ದೇಹದಲ್ಲಿ ಎಲ್ಲಿ ಎಚ್ಚರವಾಗಿರುತ್ತದೆ, ಎಷ್ಟು ಹೊತ್ತು? ಮೂರು, ಪರೀಕ್ಷೆ ನಡೆದದ್ದು ಯಾರ ಮೇಲೆ, ಗಾಜಿನ ತಟ್ಟೆಯ ಕೋಶವೋ, ಇಲಿಯೋ, ಮನುಷ್ಯರೋ, ಎಷ್ಟು ಜನ? ನಾಲ್ಕು, ರೋಗದ ಹೆಸರು ಆಗಲೂ ಈಗಲೂ ಒಂದೇ ಅರ್ಥದ್ದೇ?

ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಫಾರ್ವರ್ಡ್ ಬಟನ್ ಒತ್ತದಿದ್ದರೆ ಯಾರಿಗೂ ನಷ್ಟವಿಲ್ಲ.

ಆ ಸಂಜೆ ಗೆಳೆಯನ ಅಮ್ಮ ಹೋಗಿ ಸಿಸ್ಟರ್‌ನ ಕೇಳಿದರಂತೆ. ಅವರು ನಮ್ಮ ಗ್ರಾಫು, ಮಿಲಿಮೋಲು ಯಾವುದೂ ಇಲ್ಲದೆ ಒಂದೇ ಮಾತಲ್ಲಿ ಮುಗಿಸಿದರಂತೆ: "ಅದು ಕೆಮ್ಮಿಗಲ್ಲಮ್ಮ, ದೊಡ್ಡ ಔಷಧಿ ಮೂತ್ರಕೋಶ ಸುಡದಿರಲಿ ಅಂತ. ಮೂರನೇದು ಹಾಕಿಸಿಕೊಂಡೇ ಹೋಗಬೇಕು. ಮೂತ್ರ ಕೆಂಪಗೆ ಬಂದ್ರೆ ತಕ್ಷಣ ಹೇಳಬೇಕು." ನಾವು ಎರಡು ವಾರ ಓದಿ ತಿಳಿದುಕೊಂಡದ್ದೂ ಅಷ್ಟೇ. ಯಾಕೆ ಅನ್ನುವುದು ಮಾತ್ರ ಹೆಚ್ಚಿಗೆ ಸಿಕ್ಕಿತು.

ಅವತ್ತು ದೊಡ್ಡಮ್ಮ ಸಂಜೆ ಬಸ್ಸಿಗೆ ಬರಲಿಲ್ಲ. ಮೂರನೆಯ ಡೋಸ್ ಮುಗಿಸಿ, ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದರು.